ಬಾಳುವೆಯ ಅಳತೆಗೋಲು

ಲಂಡನ್ನಿನ ‘ಎಕನಾಮಿಸ್ಟ್’ ಬಳಗವು ವರ್ಷಂಪ್ರತಿ ಲೋಕದ ೧೭೩ ನಗರಗಳನ್ನು ತೂಗಿ, ಬಾಳುವೆಗೆ ಯಾವುದು ಲೇಸೆಂದು ಪಟ್ಟಿಮಾಡುತ್ತದೆ. ೨೦೨೨ರಿಂದ ಮೂರು ವರ್ಷ ವಿಯೆನ್ನಾ ಮೊದಲ ಸ್ಥಾನದಲ್ಲಿತ್ತು. ೨೦೨೫ರಲ್ಲಿ ಆ ಗೌರವ ಕೋಪನ್‌ಹೇಗನ್ನಿಗೆ ಸಂದಿತು. ನೆಮ್ಮದಿ, ವೈದ್ಯ, ವಿದ್ಯೆ, ಸಂಸ್ಕೃತಿ, ಸೌಕರ್ಯಗಳೆಲ್ಲ ಅಲ್ಲಿ ತಕ್ಕಡಿಗೆ ಬೀಳುತ್ತವೆ. ಮನೆಬಾಡಿಗೆಯ ಹೊರೆ ಮಾತ್ರ ಬೀಳದು. ಪರದೇಶಕ್ಕೆ ಕಳುಹಿಸುವ ನೌಕರರಿಗೆ ಭತ್ಯವೆಷ್ಟೆಂದು ಗೊತ್ತುಮಾಡಲು ಕಂಪೆನಿಗಳಿಗೆ ಒದಗುವ ಗಣನೆಯಿದು. ಅಂಥವರ ಬಾಡಿಗೆಯನ್ನು ಹಲವೊಮ್ಮೆ ಕಂಪೆನಿಯೇ ತೆರುತ್ತದೆ.

ಆದರೆ ವಿಯೆನ್ನಾದ ಹಿರಿಮೆಯ ಬೇರು ಬಾಡಿಗೆಯಲ್ಲೇ ಇದೆಯೆಂದು ನನ್ನ ಎಣಿಕೆ. ೧೯೨೩ರಲ್ಲಿ ಅಲ್ಲಿಯ ಪೌರಾಡಳಿತವು ಸಿರಿವಂತರ ಮೇಲೆ ಹೆಚ್ಚಾಗಿ ಬೀಳುವಂತೆ ಗೃಹನಿರ್ಮಾಣ ತೆರಿಗೆಯನ್ನು ವಿಧಿಸಿತು. ೧೯೩೪ರ ವೇಳೆಗೆ ದುಡಿಯುವವರಿಗಾಗಿ ೬೦,೦೦೦ಕ್ಕೂ ಮಿಕ್ಕ ಮನೆಗಳನ್ನು ಕಟ್ಟಿಸಿತು. ಇಂದಿಗೂ ಆ ನಗರದ ಸುಮಾರು ಅರ್ಧ ಜನ ಪೌರಾಡಳಿತದ ಇಲ್ಲವೆ ಸರ್ಕಾರಿ ನೆರವಿನ ಮನೆಗಳಲ್ಲಿದ್ದಾರೆ.

ಅತಿಥಿಯ ಸುಖದಿಂದ ಊರನ್ನು ಅಳೆಯಬಹುದೆ? ಬೀದಿ ಗುಡಿಸುವವನು ತಾನು ಗುಡಿಸುವ ಊರಿನಲ್ಲೇ ಮನೆ ಹಿಡಿದು ಬಾಳಬಲ್ಲನೆ ಎಂಬುದೇ ನಿಜವಾದ ಅಳತೆಗೋಲು.