ಒಂದು ಹಳದಿ ಎಲೆಗೆ ಐದು ಬಾಗಿಲು

ವಿಶ್ವವಿದ್ಯಾಲಯದ ವಿಜ್ಞಾನ ವಿಭಾಗಗಳಲ್ಲಿ ನಡೆಯುವ ಸಂಶೋಧನೆಗೂ ನಮಗೂ ಏನು ಸಂಬಂಧ ಎಂದು ಕೇಳುವ ರೈತರೇ ಹೆಚ್ಚು. ಧಾರವಾಡದ ಕೃಷಿ ವಿಶ್ವವಿದ್ಯಾಲಯದ ಮಾತು ಬೇರೆ. ಅದು ನಮ್ಮದು ಎಂಬ ಸಲಿಗೆ ಇದೆ. ಆದರೆ ರಸಾಯನಶಾಸ್ತ್ರ, ಪ್ರಾಣಿಶಾಸ್ತ್ರ, ಭೂಗರ್ಭಶಾಸ್ತ್ರ ಎಂದು ಬೋರ್ಡು ಹಾಕಿಕೊಂಡ ಕೋಣೆಗಳ ಬಾಗಿಲನ್ನು ನಾವು ತಟ್ಟುವುದೇ ಇಲ್ಲ. ತಟ್ಟಬೇಕು ಅನ್ನೋದು ನನ್ನ ವಾದ. ಯಾಕೆಂದು ಲಿಂಬೆ ಗಿಡದಿಂದಲೇ ಹೇಳ್ತೀನಿ.

ನಮ್ಮ ಝಳಕಿ ಸುತ್ತಮುತ್ತ ಎಷ್ಟೋ ಮನೆಗಳಿಗೆ ಲಿಂಬೆಯೇ ಆಧಾರ. 2023ರಲ್ಲಿ ಇಂಡಿ ಲಿಂಬೆಗೆ ಜಿಐ ಗುರುತೂ ಸಿಕ್ಕಿತು. ಗಿಡ ಹಚ್ಚಿ ನಾಲ್ಕೈದು ವರ್ಷ ಕಾಯಬೇಕು. ಅಷ್ಟರೊಳಗೆ ಬೋರಿನ ಸಾಲ, ಗೊಬ್ಬರದ ಉದ್ರಿ ಎಲ್ಲಾ ಬೆಳೆದಿರ್ತವೆ. ಅಂಥ ಗಿಡದ ಎಲೆ ಹಳದಿಯಾದರೆ ಮನಿ ಮಂದಿಗೆಲ್ಲ ನಿದ್ದೆ ಬರೋದಿಲ್ಲ.

ಎಲೆ ಯಾಕೆ ಹಳದಿಯಾಯಿತು? ಎಳೆ ಎಲೆಯ ನರ ಹಸಿರಾಗಿಯೇ ಉಳಿದು ನಡುವಿನ ಭಾಗ ಮಾತ್ರ ಹಳದಿಯಾದರೆ ಕಬ್ಬಿಣದ ಕೊರತೆ ಇರಬಹುದು. ನಮ್ಮ ಮಣ್ಣಿನಲ್ಲಿ ಕಬ್ಬಿಣ ಇಲ್ಲದೆ ಇಲ್ಲ. ಸುಣ್ಣದಂಶ ಹೆಚ್ಚಾದ ಕಡೆ ಅದು ನೀರಿನಲ್ಲಿ ಕರಗದೆ ಕೂತುಬಿಡ್ತದೆ, ಬೇರಿಗೆ ಸಿಗುವುದಿಲ್ಲ. ಇದು ರಸಾಯನಶಾಸ್ತ್ರದ ಮಾತು. ಆ ಸುಣ್ಣ ಎಲ್ಲಿಂದ ಬಂತು, ಬೋರಿನ ನೀರಿನಲ್ಲಿ ಎಷ್ಟಿದೆ ಎನ್ನುವುದು ಭೂಗರ್ಭಶಾಸ್ತ್ರದ್ದು. ಬುಡದಲ್ಲಿ ನೀರು ನಿಂತು, ಕಾಂಡದಿಂದ ಅಂಟು ಸೋರಿ, ಬೇರು ಕೊಳೆತಿದ್ದರೆ ಸಸ್ಯಶಾಸ್ತ್ರದವರನ್ನು ಕೇಳಬೇಕು. ಬೇರಿಗೆ ಜಂತುಹುಳು ಹತ್ತಿದ್ದರೆ ಪ್ರಾಣಿಶಾಸ್ತ್ರದವರನ್ನು.

ಇನ್ನೊಂದು ಕಾರಣ ಟ್ರಿಸ್ಟೆಜಾ ಎಂಬ ನಂಜುರೋಗ. ದಕ್ಷಿಣ ಅಮೆರಿಕದಲ್ಲಿ ಈ ರೋಗ ಲಕ್ಷಗಟ್ಟಲೆ ಕಿತ್ತಳೆ ಗಿಡಗಳನ್ನು ಕೊಂದಾಗ ಜನ ಇಟ್ಟ ಹೆಸರು ಅದು. ಅವರ ಭಾಷೆಯಲ್ಲಿ ದುಃಖ ಎಂದು ಅರ್ಥ. ಹೇನು ಇದನ್ನು ಗಿಡದಿಂದ ಗಿಡಕ್ಕೆ ಒಯ್ಯುತ್ತದೆ ಎಂದು ಬ್ರೆಜಿಲ್‌ನಲ್ಲಿ 1946ರಲ್ಲಿ ಗೊತ್ತಾಯಿತು. ಆದರೆ ದಾರದಂತಿರುವ ಆ ನಂಜಿನ ಕಣ ಕಣ್ಣಿಗೆ ಬಿದ್ದದ್ದು 1964ರಲ್ಲಿ, ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ. ಆ ಯಂತ್ರ ಕೊಟ್ಟವರು ಭೌತಶಾಸ್ತ್ರದವರು. ಅದನ್ನು ಕಟ್ಟುವಾಗ ಅವರ ತಲೆಯಲ್ಲಿ ಲಿಂಬೆ ಗಿಡ ಇದ್ದಿರಲಿಕ್ಕಿಲ್ಲ. ಆದ್ದರಿಂದ ಎಲ್ಲ ಸಂಶೋಧನೆಯೂ ನಾಳೆಯೇ ರೈತನ ಹೊಲಕ್ಕೆ ಬರಬೇಕು ಎಂದು ನಾನು ಹಟ ಹಿಡಿಯುವುದಿಲ್ಲ. ಅಣುವನ್ನು ನೋಡುವವರು ಅಣುವನ್ನು ನೋಡಲಿ.

ಒಂದು ವಿಷಯ ಕೇಳಿದರೆ ನಿಮಗೂ ಆಶ್ಚರ್ಯವಾದೀತು. ಬೇರೆ ಗಿಡದಲ್ಲಿ ಈ ನಂಜು ಇದೆಯೋ ಇಲ್ಲವೋ ಎಂದು ಪರೀಕ್ಷಿಸಲು ಜಗತ್ತಿನ ಪ್ರಯೋಗಾಲಯಗಳಲ್ಲಿ ಬಳಸುತ್ತಾ ಬಂದದ್ದು ಲಿಂಬೆ ಗಿಡವನ್ನೇ, ನಮ್ಮ ಕಾಗ್ಜಿ ಲಿಂಬೆಯ ಜಾತಿಯನ್ನೇ. ನಂಜು ತಗುಲಿದ ಎಲೆಯನ್ನು ಬೆಳಕಿಗೆ ಹಿಡಿದರೆ ನರಗಳು ಅಲ್ಲಲ್ಲಿ ತಿಳಿಯಾಗಿ ಕಾಣ್ತವೆ. ತೊಗಟೆ ಸುಲಿದರೆ ಕಟ್ಟಿಗೆಯ ಮೇಲೆ ಸಣ್ಣ ಸಣ್ಣ ಕುಳಿ. ವಿಜ್ಞಾನಿಗಳಿಗೆ ಕನ್ನಡಿಯಾದ ಗಿಡ ನಮ್ಮ ಹೊಲದಲ್ಲಿದೆ. ಆ ಕನ್ನಡಿ ನೋಡುವುದನ್ನು ನಮಗೆ ಕಲಿಸಿದವರು ಎಷ್ಟು ಮಂದಿ?

ಕಾರಣ ಸರಿಯಾಗಿ ತಿಳಿಯದಿದ್ದರೆ ನಷ್ಟ ಯಾರಿಗೆ? ಕಬ್ಬಿಣದ ಕೊರತೆಯಾದರೆ ಗಿಡ ಸುಧಾರಿಸುತ್ತದೆ. ನಂಜಾದರೆ ಔಷಧವೇ ಇಲ್ಲ. ಉಳಿಸಿಕೊಳ್ಳುವ ಗಿಡವನ್ನು ಕಿತ್ತು ಒಗೆಯುವುದೂ ಉಂಟು, ಕೀಳಬೇಕಾದ ಗಿಡಕ್ಕೆ ವರ್ಷಗಟ್ಟಲೆ ಔಷಧ ಹೊಡೆಯುವುದೂ ಉಂಟು. ನಾನು ಎಲೆ ಹಿಡಿದು ಒಂದು ಕಚೇರಿಗೆ ಹೋದಾಗ "ಇದು ಮಣ್ಣಿಂದು, ಅವರ ಕಡೆ ಹೋಗ್ರಿ" ಅಂದರು. ಮಣ್ಣಿನವರು "ಇದು ರೋಗದ್ದು" ಅಂದರು. ಕೊನೆಗೆ ಉತ್ತರ ಕೊಟ್ಟದ್ದು ಔಷಧದ ಅಂಗಡಿ. ಉತ್ತರ ಎಂದರೆ ಮೂರು ಬಾಟ್ಲಿ.

ಎಲೆಗೆ ತಾನು ಯಾವ ವಿಭಾಗಕ್ಕೆ ಸೇರಿದ್ದು ಎಂದು ಗೊತ್ತಿರುವುದಿಲ್ಲ. ಐದು ವಿಭಾಗದವರು ಒಂದೇ ಮೇಜಿನ ಸುತ್ತ ಕೂತು ಅದನ್ನು ನೋಡಬೇಕು. ವಿಜಯಪುರದ ಪಕ್ಕದ ತೊರವಿಯಲ್ಲೇ 2003ರಲ್ಲಿ ಶುರುವಾದ ಮಹಿಳಾ ವಿಶ್ವವಿದ್ಯಾಲಯ ಇದೆ. ನಮ್ಮಂಥ ರೈತರ ಹೆಣ್ಣುಮಕ್ಕಳು ಅಲ್ಲಿ ವಿಜ್ಞಾನ ಓದುತ್ತಾರೆ. ಓದು ಮುಗಿಸುವ ಮೊದಲು ಮಾಡುವ ಪ್ರಾಜೆಕ್ಟು ಅಪ್ಪನ ತೋಟದ ಮಣ್ಣು, ಬೋರಿನ ನೀರು, ಲಿಂಬೆಯ ಬೇರು ಯಾಕಾಗಬಾರದು? ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯಕ್ಕೂ ಇದೇ ಮಾತು. ಇನ್ನೊಂದು ಬೇಡಿಕೆ: ಪಿಎಚ್.ಡಿ. ಪ್ರಬಂಧ ಇಂಗ್ಲಿಷಿನಲ್ಲೇ ಇರಲಿ, ಅದರ ಸಾರ ಒಂದು ಪುಟ ಕನ್ನಡದಲ್ಲಿ ಕೊಡಲಿ. ಖರ್ಚಾಗುವುದು ನಮ್ಮ ತೆರಿಗೆಯ ಹಣವೂ ಹೌದು.

ನಮ್ಮ ಕಡೆಯಿಂದಲೂ ಕೆಲಸ ಇದೆ. ಬರಿಗೈಲಿ ಹೋಗಿ "ಗಿಡ ಒಣಗ್ತಾವ್ರಿ" ಅಂದರೆ ಯಾವ ವಿಜ್ಞಾನಿಯೂ ಏನೂ ಹೇಳಲಾರ. ರೋಗದ ಗಿಡದ ಎಲೆ, ಒಳ್ಳೆಯ ಗಿಡದ ಎಲೆ ಬೇರೆ ಬೇರೆ ಕಾಗದದಲ್ಲಿ ಕಟ್ಟಿ. ಎರಡೂ ಗಿಡಗಳ ಬುಡದ ಮಣ್ಣು, ಒಂದಿಷ್ಟು ಎಳೆ ಬೇರು, ತೊಳೆದ ಬಾಟ್ಲಿಯಲ್ಲಿ ಬೋರಿನ ನೀರು ಒಯ್ಯಿರಿ. ಯಾವ ತಿಂಗಳು ಹಳದಿ ಶುರುವಾಯಿತು, ಏನು ಹಾಕಿದಿರಿ, ಸಸಿ ಎಲ್ಲಿಂದ ತಂದಿರಿ ಎಂದು ಬರೆದುಕೊಳ್ಳಿ. ಒಬ್ಬರೇ ಬೇಡ, ನಾಲ್ಕು ಮಂದಿ ಕೂಡಿ ಹೋಗಿ. ಒಂದು ಬಾಗಿಲಲ್ಲಿ ಉತ್ತರ ಸಿಗದಿದ್ದರೆ ಪಕ್ಕದ ಬಾಗಿಲು ಯಾವುದು ಎಂದು ಅವರನ್ನೇ ಕೇಳಿ, ಅವರನ್ನೂ ಜೊತೆಗೆ ಕರೆದುಕೊಂಡೇ ಹೋಗಿ.