ವಾರಂಟಿಯ ಕಾಗದವೂ ಆಕಸ್ಮಿಕದ ಭಯವೂ

ಹೊಸ ಕಾರು ಮನೆಗೆ ಬರುವ ದಿನ ಕೃಷ್ಣಾತೀರದ ಊರುಗಳಲ್ಲಿ ಸಣ್ಣದೊಂದು ಹಬ್ಬವೇ ನಡೆಯುತ್ತದೆ. ಐನಾಪುರದಂಥ ಊರಿನಲ್ಲಿ ಕಬ್ಬಿನ ಬಿಲ್ಲು ಕೈಸೇರಿದ ಮೇಲೆ ಬ್ಯಾಂಕಿನ ಸಾಲವನ್ನೂ ಜೋಡಿಸಿಕೊಂಡು ಕಾರು ಕೊಂಡ ಶ್ರಾವಕನು ಅದನ್ನು ಮೊದಲು ಬಸದಿಯ ಮುಂದೆ ನಿಲ್ಲಿಸುತ್ತಾನೆ. ಜಿನಬಿಂಬದ ದರ್ಶನವಾದ ಬಳಿಕವೇ ಮನೆಯ ಅಂಗಳಕ್ಕೆ ತರುತ್ತಾನೆ. ಸಂಭ್ರಮ ಇಳಿದು, ಶೋರೂಮಿನವರು ಕೊಟ್ಟ ಕಡತವನ್ನು ಬಿಚ್ಚಿ ನೋಡುವಾಗ ಒಂದು ಹಾಳೆ ಕಣ್ಣಿಗೆ ಬೀಳುತ್ತದೆ. ಕಂಪನಿ ಕೊಡುವ ವಾರಂಟಿ ಮುಗಿದ ಮೇಲೆ ಮತ್ತೆರಡು ವರ್ಷ ರಕ್ಷಣೆ ನೀಡುವ ವಿಸ್ತರಿತ ವಾರಂಟಿಯ ಹಾಳೆ ಅದು. ಕಾರಿನ ಬೆಲೆಯೊಂದಿಗೆ ಅದರ ಹಣವೂ ಸೇರಿಹೋಗಿದೆ. ಸಹಿ ಮಾಡುವಾಗ ಯಾರೂ ಅದನ್ನು ಓದಿರುವುದಿಲ್ಲ. ಮಗ ಇರಲಿ ಎನ್ನುತ್ತಾನೆ, ತಂದೆ ರದ್ದು ಮಾಡಿಸೋಣ ಎನ್ನುತ್ತಾನೆ. ಮನೆಯಲ್ಲಿ ಎರಡು ದಿನ ಇದೇ ಮಾತು.

ಇಷ್ಟು ಲೌಕಿಕವಾದ ಪ್ರಶ್ನೆಗೆ ಧರ್ಮಗ್ರಂಥಗಳಲ್ಲಿ ಉತ್ತರ ಹುಡುಕುವುದು ಅತಿಯಾಯಿತೆಂದು ತೋರಬಹುದು. ಆದರೆ ಶ್ರಾವಕಾಚಾರವೆಂಬ ಶಾಸ್ತ್ರ ಹುಟ್ಟಿದ್ದೇ ಇಂಥ ಪ್ರಶ್ನೆಗಳಿಗಾಗಿ. ಹೊಲ, ಮನೆ, ಧಾನ್ಯ, ತೂಕ, ಅಳತೆ, ಇಟ್ಟ ಒಡವೆ, ಬರೆದ ಪತ್ರ ಇವುಗಳ ನಡುವೆ ಬದುಕುವ ಗೃಹಸ್ಥನು ಎಲ್ಲಿ ಜಾರಬಹುದು ಎಂಬುದನ್ನು ಆಚಾರ್ಯರು ಎಷ್ಟು ಸೂಕ್ಷ್ಮವಾಗಿ ಪಟ್ಟಿಮಾಡಿದ್ದಾರೆಂದರೆ, ವರ್ತಕರ ಅಂಗಡಿಯಲ್ಲಿ ಕುಳಿತು ನೋಡಿ ಬರೆದರೇನೋ ಎನಿಸುತ್ತದೆ.

ಮೊದಲು ಭಯದ ವಿಚಾರ. ಸಮ್ಯಗ್ದೃಷ್ಟಿಯಾದವನು ಏಳು ಭಯಗಳಿಂದ ಮುಕ್ತನಾಗಿರುತ್ತಾನೆ ಎಂಬುದು ಸಮಯಸಾರದ ಪರಂಪರೆಯಲ್ಲಿ ಬರುವ ಪ್ರಸಿದ್ಧ ವಿಚಾರ. ಇಹಲೋಕ, ಪರಲೋಕ, ವೇದನೆ, ಅತ್ರಾಣ, ಅಗುಪ್ತಿ, ಮರಣ ಎಂಬ ಆರರ ಜೊತೆಗೆ ಏಳನೆಯದು ಆಕಸ್ಮಿಕ ಭಯ. ಏನೋ ಒಂದು ಇದ್ದಕ್ಕಿದ್ದಂತೆ ಆಗಿಬಿಟ್ಟರೆ ಎಂಬ ಅಳುಕು ಅದು. ವಿಸ್ತರಿತ ವಾರಂಟಿ ಮಾರಾಟವಾಗುವುದು ಬಹುಪಾಲು ಈ ಏಳನೆಯ ಭಯದ ಮೇಲೆಯೇ. ಗೇರ್‌ಬಾಕ್ಸ್ ಕೆಟ್ಟರೆ ಎಷ್ಟು ಖರ್ಚು, ಎ.ಸಿ. ಕಂಪ್ರೆಸರ್ ಹೋದರೆ ಎಷ್ಟು ಎಂಬ ದೊಡ್ಡ ಸಂಖ್ಯೆಗಳನ್ನು ಮಾರಾಟಗಾರನು ಹೇಳುತ್ತಾನೆ. ಅವು ಎಷ್ಟು ಕಾರುಗಳಲ್ಲಿ ಕೆಡುತ್ತವೆ ಎಂದು ಹೇಳುವುದಿಲ್ಲ. ಕೊಳ್ಳುವವನೂ ಕೇಳುವುದಿಲ್ಲ. ನೋಕಷಾಯಗಳಲ್ಲಿ ಭಯವೂ ಒಂದು. ಕ್ರೋಧಲೋಭಗಳಷ್ಟು ಎದ್ದು ಕಾಣದಿದ್ದರೂ ವಿವೇಕವನ್ನು ಮುಸುಕುವುದರಲ್ಲಿ ಅದು ಹಿಂದೆ ಬಿದ್ದಿಲ್ಲ.

ಹಾಗಾದರೆ ಕಾಗದವನ್ನು ರದ್ದುಪಡಿಸುವುದೇ ಧರ್ಮವೇ? ಕೆಲವರು ಅಶರಣ ಅನುಪ್ರೇಕ್ಷೆಯನ್ನು ಮುಂದೆ ತರುತ್ತಾರೆ. ಜೀವನಿಗೆ ಧರ್ಮವಲ್ಲದೆ ಬೇರೆ ಶರಣಿಲ್ಲ ಎಂದ ಮೇಲೆ ಕಾರಿನ ವಾರಂಟಿ, ವಿಮೆ ಇವೆಲ್ಲ ಏಕೆ ಎಂಬುದು ಅವರ ವಾದ. ಈ ವಾದ ಕೇಳಲು ಚೆಂದ, ಒಳಗೆ ಗಟ್ಟಿಯಿಲ್ಲ. ಇದೇ ಸೀಮೆ ನಾಡಿಗೆ ಕೊಟ್ಟ ಮುನಿಗಳನ್ನು ನೆನೆಯಬೇಕು. ಚಾರಿತ್ರಚಕ್ರವರ್ತಿ ಶಾಂತಿಸಾಗರ ಮಹಾರಾಜರು 1872ರಲ್ಲಿ ಜನಿಸಿದ್ದು ಭೋಜದ ಬಳಿಯ ಯಳಗೂಡದಲ್ಲಿ. ಆಚಾರ್ಯ ವಿದ್ಯಾನಂದರು 1925ರಲ್ಲಿ ಹುಟ್ಟಿದ ಶೇಡಬಾಳವು ಐನಾಪುರದ ನೆರೆಯ ಊರು. 1946ರಲ್ಲಿ ಸದಲಗಾದಲ್ಲಿ ಹುಟ್ಟಿದ ಆಚಾರ್ಯ ವಿದ್ಯಾಸಾಗರರು 1968ರಲ್ಲಿ ಅಜಮೇರದಲ್ಲಿ ಮುನಿದೀಕ್ಷೆ ಪಡೆದು, 2024ರ ಫೆಬ್ರುವರಿಯಲ್ಲಿ ಡೋಂಗರಗಢದ ಚಂದ್ರಗಿರಿಯಲ್ಲಿ ಸಮಾಧಿ ಹೊಂದುವವರೆಗೆ ಕಾಲ್ನಡಿಗೆಯಲ್ಲಿಯೇ ವಿಹಾರ ಮಾಡಿದರು. ಪಿಂಛಿ ಕಮಂಡಲುಗಳ ಹೊರತು ಕಾಯಬೇಕಾದ ಸಾಮಗ್ರಿಯಿಲ್ಲದ ಅವರಿಗೆ ವಾಹನವೂ ಇಲ್ಲ, ವಾರಂಟಿಯೂ ಇಲ್ಲ. ಅದು ಮಹಾವ್ರತ. ಕಾರು ಕೊಂಡವನು ಕಾರನ್ನು ಇಟ್ಟುಕೊಂಡೇ ಅದರ ರಕ್ಷಣೆಯ ಕಾಗದವನ್ನಷ್ಟೇ ಬಿಟ್ಟು ಅಪರಿಗ್ರಹಿಯಾಗಲಾರ. ಎತ್ತನ್ನು ಕಟ್ಟಿಕೊಂಡವನು ಮೇವಿನ ಚಿಂತೆ ಬಿಟ್ಟೆನೆಂದರೆ ಅದು ತ್ಯಾಗವೆನಿಸುತ್ತದೆಯೇ? ಗೃಹಸ್ಥನಿಗೆ ಹೇಳಿರುವುದು ಅಣುವ್ರತ. ಪರಿಗ್ರಹಕ್ಕೆ ಮಿತಿಯನ್ನು ತಾನೇ ಗೊತ್ತುಮಾಡಿಕೊಂಡು ಅದರೊಳಗೆ ಇರುವುದು. ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರವು ಈ ವ್ರತಕ್ಕೆ ಇಚ್ಛಾಪರಿಮಾಣವೆಂಬ ಹೆಸರನ್ನೂ ಹೇಳುತ್ತದೆ. ಅಳೆಯಬೇಕಾದದ್ದು ವಸ್ತುವಿಗಿಂತ ಮೊದಲು ಇಚ್ಛೆಯನ್ನು ಎಂಬ ಸೂಚನೆ ಆ ಹೆಸರಿನಲ್ಲಿಯೇ ಇದೆ.

ಅಳೆಯಲು ಮೊದಲು ವಸ್ತು ಏನೆಂದು ತಿಳಿಯಬೇಕು. ವಾರಂಟಿ ಬೇರೆ, ವಿಮೆ ಬೇರೆ. ಕಾರಿನ ಯಾಂತ್ರಿಕ ಹಾಗೂ ವಿದ್ಯುತ್ ಭಾಗಗಳು ತಯಾರಿಕೆಯ ದೋಷದಿಂದ ಕೆಟ್ಟರೆ ಸರಿಪಡಿಸಿಕೊಡುವುದಾಗಿ ಹೇಳುವುದು ವಾರಂಟಿ. ಬ್ರೇಕ್ ಪ್ಯಾಡ್, ಕ್ಲಚ್, ಟಯರ್, ವೈಪರ್‌ನಂಥ ಸವೆಯುವ ಭಾಗಗಳು ಸಾಮಾನ್ಯವಾಗಿ ಅದರಲ್ಲಿ ಸೇರುವುದಿಲ್ಲ. ಗೃಹಸ್ಥನು ಗ್ಯಾರೇಜಿಗೆ ಹಣ ಕೊಡುವುದು ಹೆಚ್ಚಾಗಿ ಇವುಗಳಿಗೇ. ಹೇಳಿದ ಅವಧಿಗೆ, ಹೇಳಿದ ಕಡೆಯಲ್ಲಿಯೇ ಸರ್ವಿಸ್ ಮಾಡಿಸಿರಬೇಕೆಂಬ ಷರತ್ತು ಇರುತ್ತದೆ. ಊರಿನ ಮೇಸ್ತ್ರಿಯ ಕೈಗೆ ಕಾರನ್ನು ಒಪ್ಪಿಸುವ ರೂಢಿಯಿದ್ದವನಿಗೆ ಈ ಒಂದು ಷರತ್ತೇ ಇಡೀ ಕಾಗದವನ್ನು ನಿರರ್ಥಕಗೊಳಿಸಬಹುದು.

ನೆರೆಯ ಮಾತನ್ನು ಇಲ್ಲಿ ಬಿಡುವಂತಿಲ್ಲ. 2005ರಲ್ಲಿಯೂ 2019ರ ಆಗಸ್ಟಿನಲ್ಲಿಯೂ ಕೃಷ್ಣೆ ಉಕ್ಕಿದ್ದನ್ನು ಈ ಭಾಗದವರು ಮರೆತಿಲ್ಲ. ಹಾಗೆ ನೀರು ನುಗ್ಗಿ ಕಾರು ಕೆಟ್ಟರೆ ವಾರಂಟಿ ನೆರವಿಗೆ ಬಾರದು. ಅದು ವಿಮೆಯ ಕ್ಷೇತ್ರ. ವಿಮೆಯಲ್ಲಿಯೂ, ನೀರು ಹೊಕ್ಕ ಎಂಜಿನನ್ನು ಚಾಲೂ ಮಾಡಿದ್ದರಿಂದ ಆದ ಹಾನಿಗೆ ಸಾಮಾನ್ಯ ಪಾಲಿಸಿ ಸಾಲದೆ, ಎಂಜಿನ್ ರಕ್ಷಣೆಯ ಪ್ರತ್ಯೇಕ ಸೇರ್ಪಡೆ ಬೇಕಾಗುವುದುಂಟು. ನದೀತೀರದ ಮನೆಯವನು ಹೆದರಬೇಕಾದ ಆಕಸ್ಮಿಕವೊಂದಿದ್ದರೆ ಅದು ಇದು. ವಿಚಿತ್ರವೆಂದರೆ, ಐದನೆಯ ವರ್ಷದ ಗೇರ್‌ಬಾಕ್ಸಿಗಾಗಿ ಹಣ ಕೊಟ್ಟವನು ಈ ಮಳೆಗಾಲದ ನೀರಿನ ಬಗ್ಗೆ ಒಂದು ಪ್ರಶ್ನೆಯನ್ನೂ ಕೇಳಿರುವುದಿಲ್ಲ. ಭಯಕ್ಕೆ ದಿಕ್ಕು ತಪ್ಪಿಸುವ ಸ್ವಭಾವವಿದೆ.

ಇನ್ನು ಲೆಕ್ಕ. ಕಂಪನಿಯ ಮೂಲ ವಾರಂಟಿ ಮೂರು ವರ್ಷ ಅಥವಾ 1 ಲಕ್ಷ ಕಿ.ಮೀ., ಯಾವುದು ಮೊದಲೋ ಅದು, ಎಂದಿಟ್ಟುಕೊಳ್ಳೋಣ. ಐನಾಪುರದ ಒಕ್ಕಲು ಮನೆಯ ಕಾರು ಅಥಣಿಯ ಸಂತೆಗೆ, ಮಿರಜದ ಆಸ್ಪತ್ರೆಗೆ, ಮದುವೆಗೆ, ವರ್ಷಕ್ಕೊಮ್ಮೆ ಶ್ರವಣಬೆಳಗೊಳದ ಯಾತ್ರೆಗೆ ಓಡುತ್ತದೆ; ವರ್ಷಕ್ಕೆ 8,000 ಕಿ.ಮೀ. ಎಂದು ಹಿಡಿದರೆ ಮೂರು ವರ್ಷಕ್ಕೆ 24,000. ವಿಸ್ತರಿತ ವಾರಂಟಿ ಕಾಯುವುದು ಆ ಕಾರಿನ 24,000ದಿಂದ 40,000 ಕಿ.ಮೀ.ವರೆಗಿನ ಓಟವನ್ನು. ಯಂತ್ರಕ್ಕೆ ಅದು ಇನ್ನೂ ಯೌವನ. ಅದರ ಬೆಲೆ 20,000 ರೂಪಾಯಿ ಎಂದೂ, ಅದು ಶೇ 10ರ ಬಡ್ಡಿಯ ಐದು ವರ್ಷದ ಸಾಲದಲ್ಲಿ ಸೇರಿದೆ ಎಂದೂ ಭಾವಿಸಿದರೆ, ಕಂತುಗಳು ಮುಗಿಯುವಷ್ಟರಲ್ಲಿ ಕೊಟ್ಟದ್ದು ಸುಮಾರು 25,500. ಮೊದಲ ಮೂರು ವರ್ಷ ಆ ಹಣ ಏನನ್ನೂ ಕಾಯುವುದಿಲ್ಲ, ಬಡ್ಡಿ ಮಾತ್ರ ಓಡುತ್ತಿರುತ್ತದೆ. ಇಂಥ ಮನೆಯವರು, ಕಾಗದದಲ್ಲಿ ರದ್ದತಿಗೆ ಅವಕಾಶವಿದ್ದು ಗಡುವು ಮೀರಿಲ್ಲವಾದರೆ, ರದ್ದು ಮಾಡಿಸುವುದೇ ಸರಿ.

ಎಲ್ಲ ಮನೆಗೂ ಈ ಮಾತು ಹೊಂದದು. ಕಾರನ್ನೇ ಬಾಡಿಗೆಗೆ ಓಡಿಸಿ ಸಂಸಾರ ನಡೆಸುವವನಿಗೆ ಒಂದು ದೊಡ್ಡ ರಿಪೇರಿ ಎಂದರೆ ತಿಂಗಳ ಗಂಜಿ ನಿಂತಂತೆ. ಬಾಡಿಗೆ ವಾಹನಕ್ಕೆ ಆ ವಾರಂಟಿ ಅನ್ವಯಿಸುತ್ತದೆಯೇ ಎಂದು ಖಚಿತಪಡಿಸಿಕೊಂಡು ಅವನು ಇಟ್ಟುಕೊಳ್ಳಲಿ. ಒಮ್ಮೆಲೇ ನಲವತ್ತು ಐವತ್ತು ಸಾವಿರ ಹೊಂದಿಸಲಾಗದ, ಸಾಲಕ್ಕೆ ಕೈಚಾಚಬೇಕಾದ ವಿಧವೆಯ ಮನೆಯೂ ಇಟ್ಟುಕೊಳ್ಳಲಿ. ಅದು ಭಯವಲ್ಲ, ಆಶ್ರಿತರ ಪಾಲನೆ.

ಆಚಾರ್ಯರು ಅನರ್ಥದಂಡವಿರತಿ ಎಂಬ ಗುಣವ್ರತದ ಅತಿಚಾರಗಳಲ್ಲಿ ಎರಡನ್ನು ಹೇಳಿದ್ದಾರೆ. ಒಂದು ಅಸಮೀಕ್ಷ್ಯಾಧಿಕರಣ, ಪ್ರಯೋಜನವನ್ನು ವಿಚಾರಿಸದೆ ಕಾರ್ಯಕ್ಕೆ ತೊಡಗುವುದು. ಇನ್ನೊಂದು ಉಪಭೋಗ ಪರಿಭೋಗಾನರ್ಥಕ್ಯ, ಅಗತ್ಯಕ್ಕಿಂತ ಹೆಚ್ಚಿನ ಭೋಗಸಾಮಗ್ರಿಯನ್ನು ಸೇರಿಸುವುದು. ಓದದೆ ಸಹಿ ಮಾಡಿದ ವಾರಂಟಿಯು ಮೊದಲನೆಯದಕ್ಕೆ ಸೇರುತ್ತದೆ. ಆದರೆ ಗಮನಿಸಬೇಕು: ಓದದೆ ರದ್ದು ಮಾಡಿಸಿದರೂ ಅದು ಮೊದಲನೆಯದಕ್ಕೇ ಸೇರುತ್ತದೆ! ನೆರೆಮನೆಯವನು ರದ್ದು ಮಾಡಿಸಿದನೆಂದು ತಾನೂ ಮಾಡಿಸುವವನು ಸಮೀಕ್ಷೆ ಮಾಡಿದಂತಾಗಲಿಲ್ಲ.

ಸಮಂತಭದ್ರರು ಪರಿಮಿತ ಪರಿಗ್ರಹ ವ್ರತಕ್ಕೆ ಎಣಿಸಿದ ಐದು ದೋಷಗಳಲ್ಲಿ ಮೊದಲನೆಯದು ಅತಿವಾಹನ. ಲೋಭದಿಂದ ಎತ್ತು ಮೊದಲಾದವನ್ನು ಅವುಗಳ ಶಕ್ತಿ ಮೀರಿ ನಡೆಸುವುದು ಎಂದು ಇದರ ಅರ್ಥ. ಕಬ್ಬಿನ ಗಾಡಿಗೆ ಎತ್ತು ಹೂಡುವ ನಾಡಿನಲ್ಲಿ ಈ ದೋಷವನ್ನು ವಿವರಿಸಿ ಹೇಳಬೇಕಿಲ್ಲ. ವಾರಂಟಿ ಇದೆಯೆಂಬ ಧೈರ್ಯದಲ್ಲಿ ಕಾರನ್ನು ಬೇಕಾಬಿಟ್ಟಿ ಓಡಿಸುವುದು ಅಜೀವಕ್ಕೆ ಹಿಂಸೆಯಲ್ಲದಿದ್ದರೂ, ದಾರಿಯ ಜೀವಗಳಿಗೆ ಹಿಂಸೆಯೇ. ಈರ್ಯೆಯ ಎಚ್ಚರ ತಪ್ಪಿದಲ್ಲಿ ಹುಳುವೂ ಉಳಿಯದು, ಮನುಷ್ಯನೂ ಉಳಿಯಲಾರ. ಅದೇ ಪಟ್ಟಿಯಲ್ಲಿ ವಿಸ್ಮಯವೆಂಬ ದೋಷವಿದೆ. ಮಾರಿದ ಮೇಲೆ ಬೆಲೆ ಏರಿತೆಂದು ಹಲುಬುವ ಮನಃಸ್ಥಿತಿಗೆ ವ್ಯಾಖ್ಯಾನಕಾರರು ಇದನ್ನು ಅನ್ವಯಿಸುತ್ತಾರೆ. ರದ್ದು ಮಾಡಿಸಿದವನ ಕಾರು ನಾಲ್ಕನೆಯ ವರ್ಷ ನಿಜವಾಗಿಯೂ ಕೆಟ್ಟಿತು ಎನ್ನೋಣ. ತಂದೆಯ ಮಾತು ಕೇಳಿ ಕೆಟ್ಟೆವು ಎಂದು ಮಗ ದೂರುತ್ತಾನೆ. ಕಾರಿನ ಖರ್ಚಿಗಿಂತ ಆ ದೂರಿನ ಖರ್ಚು ಹೆಚ್ಚು. ತಿಳಿದ ವಿಷಯಗಳ ಮೇಲೆ, ಮನೆಯವರೆಲ್ಲ ಕುಳಿತು ಮಾಡಿದ ತೀರ್ಮಾನವು ಫಲ ಪ್ರತಿಕೂಲವಾದ ಮಾತ್ರಕ್ಕೆ ತಪ್ಪಾಗುವುದಿಲ್ಲ. ಅಂದೇ ಇದನ್ನು ಒಪ್ಪಿಕೊಂಡು ಎದ್ದರೆ ಮುಂದಿನ ಆರ್ತಧ್ಯಾನ ತಪ್ಪುತ್ತದೆ.

ಲೋಭವೂ ಈ ವ್ಯವಹಾರದಲ್ಲಿ ತನ್ನ ಪಾಲು ಕೇಳುತ್ತದೆ. ವಾರಂಟಿಯಿಂದ ಒಂದು ರಿಪೇರಿ ಮಾಡಿಸಿಕೊಂಡು, ಅದನ್ನು ಮುಚ್ಚಿಟ್ಟು ಪೂರ್ಣ ಹಣ ಕೇಳುವುದು. ಕಾರನ್ನು ಮಾರುವಾಗ ಓಡಿದ ಕಿಲೋಮೀಟರುಗಳನ್ನು ತಿದ್ದುವುದು. ಸವೆದ ಭಾಗವನ್ನು ತಯಾರಿಕೆಯ ದೋಷವೆಂದು ಬರೆಯಿಸುವುದು. ಎದುರಿಗಿರುವುದು ದೊಡ್ಡ ಕಂಪನಿ, ಅದಕ್ಕೇನು ನಷ್ಟ ಎಂಬ ಸಮಾಧಾನ ಬೇರೆ. ಕೂಟಲೇಖಕ್ರಿಯೆಯೆಂಬ ಅತಿಚಾರದಲ್ಲಿ, ಸುಳ್ಳುಪತ್ರ ಯಾರ ವಿರುದ್ಧ ಬರೆದದ್ದು ಎಂಬ ರಿಯಾಯಿತಿ ಇಲ್ಲ.

ಆದರೂ ಹೆಚ್ಚು ಕಠಿಣವಾಗಿ ಹೇಳಬೇಕಾದದ್ದು ಮೇಜಿನ ಆಚೆ ಬದಿಯಲ್ಲಿ ಕುಳಿತವರಿಗೆ. ವ್ಯಾಪಾರ ಜೈನರ ಹಳೆಯ ವೃತ್ತಿ. ಆದ್ದರಿಂದ ಈ ಮಾತು ಮನೆಯೊಳಗಿನದೇ. ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಸತ್ಯಾಣುವ್ರತದ ಅತಿಚಾರವಾಗಿ ನ್ಯಾಸಾಪಹಾರ ಬರುತ್ತದೆ. ಕನ್ನಡ ನಾಡಿನ ಪೂಜ್ಯಪಾದಾಚಾರ್ಯರು ಸರ್ವಾರ್ಥಸಿದ್ಧಿಯಲ್ಲಿ ಅದಕ್ಕೆ ಕೊಡುವ ವಿವರಣೆಯ ತಾತ್ಪರ್ಯ ಹೀಗೆ: ಒಡವೆಯನ್ನು ಇಟ್ಟವನು ಎಷ್ಟು ಇಟ್ಟೆನೆಂಬುದನ್ನು ಮರೆತು ಕಡಿಮೆ ಕೇಳಿದಾಗ, ಗೊತ್ತಿದ್ದೂ ಆಗಲಿ ಎಂದು ಅಷ್ಟನ್ನೇ ಕೊಡುವುದು. ಇಲ್ಲಿ ಯಾರೂ ಕದಿಯಲಿಲ್ಲ, ಸುಳ್ಳಿನ ಒಂದು ವಾಕ್ಯವನ್ನೂ ಆಡಲಿಲ್ಲ. ಸುಮ್ಮನಿದ್ದದ್ದೇ ಸತ್ಯಕ್ಕೆ ಬಂದ ಕಲೆ. ಗ್ರಾಹಕನಿಗೆ ರದ್ದುಪಡಿಸುವ ಅವಕಾಶವಿರುವುದು ಗೊತ್ತಿದ್ದೂ ಹೇಳದಿರುವುದು, ಗಡುವು ಮುಗಿಯಲಿ ಎಂದು ನಾಳೆ ಬನ್ನಿ ಎನ್ನುವುದು, ವಾರಂಟಿ ಇಲ್ಲದೆ ಕಾರೇ ಸಿಗದು ಎಂಬ ಭಾವನೆ ಬರಿಸುವುದು, ಇವೆಲ್ಲ ಆ ಸಾಲಿಗೇ ಸೇರಬೇಕು. ದೇಶದ ಕಾನೂನೂ ಇದರಿಂದ ದೂರವಿಲ್ಲ. ಒಂದು ವಸ್ತುವನ್ನು ಕೊಳ್ಳಲು ಮತ್ತೊಂದು ವಸ್ತು ಅಥವಾ ಸೇವೆಯನ್ನು ಕೊಳ್ಳಲೇಬೇಕೆಂದು ಷರತ್ತು ಹಾಕುವುದನ್ನು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯು ನಿರ್ಬಂಧಕ ವ್ಯಾಪಾರ ಪದ್ಧತಿಗಳಲ್ಲಿ ಎಣಿಸಿದೆ. ಹಾಗೆ ಬಲವಂತಕ್ಕೊಳಗಾದವರು 1915 ಸಂಖ್ಯೆಯ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ ತಿಳಿಸಬಹುದು. ಜಿಲ್ಲಾ ಗ್ರಾಹಕ ಆಯೋಗವೂ ಇದೆ. ದೂರು ಕೊಡುವುದು ಕ್ಷಮಾಗುಣಕ್ಕೆ ವಿರುದ್ಧವೆಂದು ಹಿಂಜರಿಯುವ ಸಾತ್ವಿಕರಿದ್ದಾರೆ. ಮನಸ್ಸಿನಲ್ಲಿ ದ್ವೇಷವಿಲ್ಲದೆಯೂ ಸಲ್ಲಬೇಕಾದದ್ದನ್ನು ಕೇಳಬಹುದು. ಕೇಳದಿದ್ದರೆ ನಾಳೆ ಬರುವ ಮತ್ತೊಬ್ಬ ಅಮಾಯಕನೂ ಅದೇ ಹಾಳೆಗೆ ಸಹಿ ಹಾಕುತ್ತಾನೆ.

ರದ್ದುಪಡಿಸುವ ತೀರ್ಮಾನವಾದ ಮೇಲೆ ಕೆಲಸ ಸಣ್ಣದು, ಆದರೆ ತಡಮಾಡುವಂತಿಲ್ಲ. ಬಾಯಿಮಾತಿನಲ್ಲಿ ಹೇಳಿ ಬರುವುದರಿಂದ ಆಗುವುದಿಲ್ಲ. ವಾರಂಟಿಯ ಸಂಖ್ಯೆ, ದಿನಾಂಕ ಬರೆದು ಅರ್ಜಿ ಕೊಟ್ಟು, ಸ್ವೀಕೃತಿಯ ಮೊಹರು ಪಡೆಯಬೇಕು. ಎಷ್ಟು ಕಡಿತವಾಗುತ್ತದೆ, ಉಳಿದದ್ದು ಸಾಲದ ಖಾತೆಗೆ ಹೋಗುತ್ತದೆಯೋ ಕೈಗೆ ಬರುತ್ತದೆಯೋ ಎಂದು ಬರಹದಲ್ಲಿಯೇ ಕೇಳಬೇಕು. ಬಂದ ಹಣ ಮೊಬೈಲಿಗೋ ಊಟದ ಹೋಟೆಲಿಗೋ ಕರಗಿದರೆ ರದ್ದು ಮಾಡಿಸಿದ್ದರ ಅರ್ಥವೇ ಹೋಯಿತು. ಅಂಚೆ ಕಚೇರಿಯಲ್ಲೋ ಸಹಕಾರಿ ಬ್ಯಾಂಕಿನಲ್ಲೋ ಕಾರಿನ ಹೆಸರಿನಲ್ಲಿ ಬೇರೆಯಾಗಿಟ್ಟರೆ ಟಯರಿಗೂ ಬ್ಯಾಟರಿಗೂ ಅದು ಒದಗುತ್ತದೆ. ಕಡಿಮೆ ಬಂದರೆ ಲೆಕ್ಕ ಕೇಳಬೇಕು. ಗುಮಾಸ್ತನ ಕೈತಪ್ಪಿನಿಂದ ಸಲ್ಲಬೇಕಾದುದಕ್ಕಿಂತ ಹೆಚ್ಚು ಬಂದಿದ್ದರೆ, ಆ ಹೆಚ್ಚಿನ ಹಣದೊಂದಿಗೆ ಮರುದಿನವೇ ಶೋರೂಮಿಗೆ ಹೋಗಬೇಕು.