ಬೀಗ ಹಾಕುವುದಕ್ಕೆ ಮನೆ ಕಟ್ಟಬೇಕೆ?

ದೇಶದಲ್ಲಿ ಮನೆಗಳ ಅಭಾವವಿದೆ, ಆದುದರಿಂದ ಹೊಸ ಮನೆಗಳನ್ನು ಕಟ್ಟುತ್ತಲೇ ಇರಬೇಕು ಎಂಬ ಮಾತನ್ನು ನಾವು ಬಹಳ ಕಾಲದಿಂದ ಕೇಳುತ್ತ ಬಂದಿದ್ದೇವೆ. ಮಂತ್ರಿಗಳು ಹೇಳುತ್ತಾರೆ, ಬಿಲ್ಡರರು ಹೇಳುತ್ತಾರೆ, ಸಾಲ ಕೊಡುವ ಬ್ಯಾಂಕಿನವರು ಎಲ್ಲರಿಗಿಂತ ಗಟ್ಟಿಯಾಗಿ ಹೇಳುತ್ತಾರೆ. ಮಲಗಲು ಆರಡಿ ಜಾಗಕ್ಕೆ ಪರದಾಡುವ ನಾವು ಈ ಮಾತಿಗೆ ಮೊದಲು ತಲೆದೂಗಬೇಕಿತ್ತು. ನಮ್ಮಿಂದಾಗುತ್ತಿಲ್ಲ. ಏಕೆಂಬುದನ್ನು ವಾಚಕ ಬಂಧುಗಳ ಮುಂದಿಡುತ್ತೇವೆ.

ನಮ್ಮ ಸಂಘದ ಹಳೆಯ ಸದಸ್ಯರೊಬ್ಬರು ಈಗ ತಿರುವನಂತಪುರದ ಕಳಕ್ಕೂಟಂನಲ್ಲಿ ಒಂದು ಹೋಟೆಲಿನ ಅಡುಗೆಗೆ ನಿಂತಿದ್ದಾರೆ. ಕಳಕ್ಕೂಟಂ ನಮಗೆ ಪರದೇಶವೇನಲ್ಲ. ಇಲ್ಲಿ ಪನ್ವೇಲಿನಿಂದ ಹೊರಡುವ 66ನೆಯ ಹೆದ್ದಾರಿ ನಮ್ಮ ಕುಂದಾಪುರ, ಉಡುಪಿ, ಮಂಗಳೂರುಗಳನ್ನು ಹಾದು, ಕಾಸರಗೋಡನ್ನು ದಾಟಿ, ಆ ಊರಿನ ನಡುವೆಯೇ ಕನ್ಯಾಕುಮಾರಿಗೆ ಹೋಗುತ್ತದೆ. ಅದೇ ಹಾದಿಯಲ್ಲಿ ನಮ್ಮವರು ಕೆಲವರು ಬಡಗಲಿಗೆ ಮುಂಬಯಿಗೆ ಬಂದರು, ಕೆಲವರು ತೆಂಕಲಿಗೆ ಇಳಿದರು, ಅಷ್ಟೇ ವ್ಯತ್ಯಾಸ. 1990ರಲ್ಲಿ ಅಲ್ಲಿ ಟೆಕ್ನೋಪಾರ್ಕ್ ಆರಂಭವಾಯಿತು. ಕಂಪ್ಯೂಟರಿನ ಕೆಲಸದವರು ಬಂದರು, ಅವರ ಬೆನ್ನಿಗೆ ಬಹುಮಹಡಿಯ ಫ್ಲಾಟುಗಳು ಎದ್ದವು. ಅವುಗಳ ಬೆನ್ನಿಗೆ ಕಾವಲಿನವರು, ಗುಡಿಸುವವರು, ಅಡುಗೆಯವರು, ಗಾರೆಯವರೂ ಬಂದರು. ಈ ಕಡೆಯ ಮಂದಿಗೆ ಮಹಡಿ ಏಳಲಿಲ್ಲ.

ಆ ಸದಸ್ಯರು ನಮಗೆ ಬರೆದ ಕಾಗದದಲ್ಲಿ ದೂರುಗೀರು ಹೆಚ್ಚಿಲ್ಲ. ಅಡುಗೆಮನೆಯ ಹಿಂದೆ ತಗಡಿನ ಮಾಡಿನ ಕೆಳಗೆ ಒಂಬತ್ತು ಮಂದಿ ಮಲಗುತ್ತಾರಂತೆ. ಇಬ್ಬರು ನಮ್ಮವರು, ಉಳಿದವರು ಬಂಗಾಳ, ಅಸ್ಸಾಮಿನ ಕಡೆಯವರು. ರಾತ್ರಿ ಹನ್ನೊಂದಕ್ಕೆ ಪಾತ್ರೆ ಕವುಚಿ ಹೊರಗೆ ಬಂದು ಕುಳಿತಾಗ ಎದುರಿನ ಹೊಸ ಕಟ್ಟಡ ಕಾಣುತ್ತದಂತೆ. "ಮೊದಲು ಎಲ್ಲರೂ ಮಲಗಿರಬೇಕೆಂದು ತಿಳಿದೆ. ಸಂಜೆ ಏಳಕ್ಕೆ ನೋಡಿದೆ, ಆಗಲೂ ದೀಪ ಉರಿಯುವ ಕಿಟಕಿಗಳನ್ನು ಬೆರಳಲ್ಲೇ ಎಣಿಸಿಬಿಡಬಹುದು. ಆ ಗೋಡೆಗೆ ಗಿಲಾಯಿ ಮಾಡಿದ ಹುಡುಗ ನನ್ನ ಪಕ್ಕದ ಚಾಪೆಯವನು" ಎಂದು ಬರೆದಿದ್ದಾರೆ. ಇಷ್ಟು ಓದಿ ನಾವು ಕಾಗದ ಮಡಿಚಿಡಲಾರದೆ ಹೋದೆವು.

ಇದು ಒಂದು ಕಟ್ಟಡದ ಕಥೆಯಲ್ಲ. 2011ರ ಜನಗಣತಿಯ ಲೆಕ್ಕ ನೋಡಿರಿ. ಕೇರಳದಲ್ಲಿ ಸುಮಾರು 1 ಕೋಟಿ 12 ಲಕ್ಷ ಮನೆ-ಕಟ್ಟಡಗಳಲ್ಲಿ ಸುಮಾರು 12 ಲಕ್ಷ ಖಾಲಿ. ದೇಶಕ್ಕೆ ದೇಶವೇ ಎಣಿಸಿದರೆ ಸುಮಾರು 2 ಕೋಟಿ 46 ಲಕ್ಷ ಖಾಲಿ. ಇದರಲ್ಲಿ 1 ಕೋಟಿಗೂ ಮಿಕ್ಕಿ ಪಟ್ಟಣಗಳಲ್ಲೇ. ನಮ್ಮ ಮುಂಬಯಿಯೊಂದರಲ್ಲೇ ಸುಮಾರು 4 ಲಕ್ಷ 80 ಸಾವಿರ. ಇದರಲ್ಲಿ ಬಿದ್ದುಹೋದವು, ಅಂಗಡಿಮುಂಗಟ್ಟುಗಳು, ಆ ದಿನವಷ್ಟೇ ಖಾಲಿಯಾದವು ಸೇರಿರಬಹುದು. ಸೇರಿರಲಿ! ಅರ್ಧಕ್ಕರ್ಧ ಕಳೆದುಬಿಡಿ, ಉಳಿದುದು ಸಣ್ಣ ಸಂಖ್ಯೆಯೇ? 2021ರಲ್ಲಿ ನಡೆಯಬೇಕಾಗಿದ್ದ ಗಣತಿ ಆ ವರ್ಷ ನಡೆಯಲಿಲ್ಲ. ಅದಕ್ಕೆಂದೇ ಹಳೆಯ ಲೆಕ್ಕ ಹೇಳುತ್ತಿದ್ದೇವೆ.

ಇನ್ನು ಅಭಾವದ ಲೆಕ್ಕ. ಸರಕಾರ ನೇಮಿಸಿದ ತಜ್ಞರ ಸಮಿತಿಯೇ 2012ರಲ್ಲಿ ಪಟ್ಟಣಗಳಲ್ಲಿ ಸುಮಾರು 1 ಕೋಟಿ 88 ಲಕ್ಷ ಮನೆಗಳ ಕೊರತೆಯೆಂದು ಹೇಳಿತು. ಈ ಕೊರತೆಯಲ್ಲಿ ನೂರಕ್ಕೆ 95ರಷ್ಟು ಕಡಿಮೆ ಆದಾಯದವರದು. ಬೀದಿಯಲ್ಲೇ ಮಲಗುವವರು ಅದರಲ್ಲಿ ಅಲ್ಪಭಾಗ. ಸುಮಾರು 1 ಕೋಟಿ 50 ಲಕ್ಷವೆಂದರೆ ಇರುಕಿನಲ್ಲಿರುವ ಸಂಸಾರಗಳು, ಅಂದರೆ ಮದುವೆಯಾದ ಗಂಡಹೆಂಡಿರಿಗೆ ಮರೆಯಾಗಿ ಒಂದು ಖೋಲಿಯೂ ಇಲ್ಲದವರು. ಈ ಎರಡು ಲೆಕ್ಕಗಳನ್ನೂ ಎದುರುಬದುರಾಗಿಟ್ಟರೆ ಗಾರೆಯ ಹುಡುಗನಿಗೂ ಅರ್ಥವಾಗುತ್ತದೆ: ಮನೆ ಬೇಕಾದವನ ಕೈಗೆ ಎಟುಕದ ಮನೆಯನ್ನು, ಅವನಿಗೆ ಬೇಕಾದಲ್ಲಿ ಬಿಟ್ಟು ಬೇರೆಲ್ಲೋ, ಇನ್ನೊಬ್ಬನ ಪೆಟ್ಟಿಗೆಗಾಗಿ ಕಟ್ಟಲಾಗುತ್ತಿದೆ.

ಹೆಚ್ಚು ಕಟ್ಟಿದರೆ ಬೆಲೆ ತಾನಾಗಿ ಇಳಿಯುತ್ತದೆ ಎನ್ನುವ ಪಂಡಿತರಿದ್ದಾರೆ. ಅವರ ಮಾತು ಪೂರ್ತಿ ಸುಳ್ಳೆಂದು ನಾವು ಹೇಳುವುದಿಲ್ಲ. ಪೇಟೆಗೆ ಅಕ್ಕಿ ಹೆಚ್ಚು ಬಂದರೆ ದರ ಇಳಿಯುವುದನ್ನು ಹೋಟೆಲಿನವರು ಕಂಡಿದ್ದೇವೆ. ಆದರೆ ಬಂದ ಅಕ್ಕಿಯೆಲ್ಲ ಗೋದಾಮಿಗೆ ಹೋದರೆ? ಅಕ್ಕಿಗಾದರೂ ಹುಳು ಬೀಳುತ್ತದೆಂಬ ಭಯದಿಂದ ಸಾಹುಕಾರ ಒಂದು ದಿನ ಬಾಗಿಲು ತೆರೆಯುತ್ತಾನೆ. ಫ್ಲಾಟಿಗೆ ಹುಳು ಬೀಳುವುದಿಲ್ಲ. ಬೀಗ ಹಾಕಿದಷ್ಟು ದಿನವೂ ಬೆಲೆ ಏರುತ್ತದೆಂದೇ ಅವನ ನಂಬಿಕೆ. ಹೀಗೆ ಬಚ್ಚಿಟ್ಟ ಸರಕಿನ ಮೇಲೆ ಇನ್ನಷ್ಟು ಸರಕು ಪೇರಿಸುವುದನ್ನು ವಸತಿ ಯೋಜನೆಯೆನ್ನಲು ನಾವು ಒಪ್ಪುವುದಿಲ್ಲ.

ಗಿರಣಿ ಬಂಧುಗಳಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. 1982ರ ಮುಷ್ಕರದ ಬಳಿಕ ಗಿರಣಿಗಳು ಒಂದೊಂದಾಗಿ ಮುಚ್ಚಿದವು. 1991ರ ನಿಯಮದಲ್ಲಿ ಗಿರಣಿಯ ನೆಲಕ್ಕೆ ಮೂರು ಪಾಲು: ಒಂದು ಬಯಲು ಜಾಗಕ್ಕೆ, ಒಂದು ಸಾರ್ವಜನಿಕ ವಸತಿಗೆ, ಒಂದು ಒಡೆಯರಿಗೆ. 2001ರಲ್ಲಿ ಅದನ್ನು ತಿದ್ದಿ, ಕಟ್ಟಡವಿಲ್ಲದೆ ಬರಿದಾಗಿದ್ದ ನೆಲಕ್ಕೆ ಮಾತ್ರ ಈ ಹಂಚಿಕೆಯೆಂದರು; 2006ರಲ್ಲಿ ಸುಪ್ರೀಂ ಕೋರ್ಟೂ ಅದನ್ನೇ ಎತ್ತಿಹಿಡಿಯಿತು. ಪರೇಲಿನಲ್ಲಿ ಹೊಸ ಮನೆ ಕಟ್ಟಲಿಲ್ಲವೆಂದು ಯಾರಾದರೂ ಹೇಳಬಲ್ಲರೇ? ಆಕಾಶ ಮುಚ್ಚುವಷ್ಟು ಕಟ್ಟಿದರು. ಮನೆಗಾಗಿ ಅರ್ಜಿ ಹಾಕಿದ ಗಿರಣಿ ಕಾರ್ಮಿಕರು, ಅವರ ವಾರಸುದಾರರು ಒಂದೂವರೆ ಲಕ್ಷಕ್ಕೂ ಮಿಕ್ಕಿ. 2012ರ ಮೊದಲ ಲಾಟರಿಯಲ್ಲಿ ಹಂಚಿದ್ದು 6,925. ಬೆವರಿಳಿಸಿದ ನೆಲದಲ್ಲಿ ಖೋಲಿ ಸಿಗುವುದಕ್ಕೂ ಲಾಟರಿಯೇ!

ಕಳಕ್ಕೂಟಂಗೆ ಮರಳೋಣ. ಕೇರಳ ಸರಕಾರ ಏನೂ ಮಾಡಿಲ್ಲವೆಂದರೆ ಅನ್ಯಾಯವಾದೀತು. 1972ರಲ್ಲಿ ಮಂತ್ರಿ ಎಂ. ಎನ್. ಗೋವಿಂದನ್ ನಾಯರ್ ಅವರು ಭೂಮಿಯಿಲ್ಲದ ಕೂಲಿಗಾರರಿಗಾಗಿ ಲಕ್ಷ ಮನೆಗಳ ಯೋಜನೆ ಹೂಡಿದರು. ಮನೆಗಳು ಚಿಕ್ಕವು, ನಡುಗೋಡೆ ಎರಡು ಸಂಸಾರಕ್ಕೊಂದು, ಸಂಖ್ಯೆಯೂ ಲಕ್ಷ ಮುಟ್ಟಲಿಲ್ಲ. ಆದರೂ ಅವು ವಾಸಕ್ಕೆಂದು ಕಟ್ಟಿದ ಮನೆಗಳು. ಈಚೆಗೆ ಲೈಫ್ ಮಿಷನ್ನಿನಿಂದ ನಾಲ್ಕು ಲಕ್ಷಕ್ಕೂ ಹೆಚ್ಚು ಸಂಸಾರಗಳಿಗೆ ಮನೆಯಾಗಿದೆ. ಆದರೆ ಅದಕ್ಕೆ ಅಲ್ಲಿನ ರೇಷನ್ ಕಾರ್ಡು ಬೇಕು. ಹೊರಗಿನಿಂದ ದುಡಿಯಲು ಬಂದವರು 25 ಲಕ್ಷಕ್ಕೂ ಹೆಚ್ಚೆಂದು 2013ರಲ್ಲೇ ತಿರುವನಂತಪುರದ ಗುಲಾಟಿ ಸಂಸ್ಥೆ ಅಂದಾಜು ಮಾಡಿತ್ತು. ಇವರಿಗೆಂದು ಪಾಲಕ್ಕಾಡಿನ ಕಂಜಿಕ್ಕೋಡಿನಲ್ಲಿ 2019ರಲ್ಲಿ ತೆರೆದ 'ಅಪ್ನಾ ಘರ್' ವಸತಿಗೃಹದಲ್ಲಿ ಜಾಗವಿರುವುದು ಆರುನೂರು ಚಿಲ್ಲರೆ ಜನಕ್ಕೆ. ಹೆಸರು ಚೆನ್ನಾಗಿದೆ.

ಹಾಗಿದ್ದರೂ ಒಮ್ಮೆ ಅಲ್ಲಿನ ಹಣಕಾಸು ಮಂತ್ರಿ ಕೆ. ಎನ್. ಬಾಲಗೋಪಾಲರು ಸರಿಯಾದ ಬಾಗಿಲನ್ನೇ ತಟ್ಟಿದರು. 2023ರ ಫೆಬ್ರವರಿಯ ಬಜೆಟ್ಟಿನಲ್ಲಿ, ಬಹುಕಾಲ ಮುಚ್ಚಿದ ಮನೆಗಳ ಮೇಲೆ, ಒಬ್ಬನ ಹೆಸರಿನಲ್ಲೇ ಇರುವ ಹಲವು ಮನೆಗಳ ಮೇಲೆ ವಿಶೇಷ ತೆರಿಗೆಯ ಮಾತೆತ್ತಿದರು. ಎಷ್ಟು ದಿನ ನಿಂತಿತು ಆ ಮಾತು? ಒಂದು ವಾರ ಕಳೆಯುವುದರೊಳಗೆ, ಮುಚ್ಚಿದ ಮನೆಗೆ ಈಗ ತೆರಿಗೆಯಿಲ್ಲವೆಂದು ಹಿಂದೆ ಸರಿದರು. ಪರದೇಶದಲ್ಲಿರುವ ಮಲೆಯಾಳಿಗಳು ನೊಂದುಕೊಂಡರಂತೆ.

ಇಲ್ಲಿ ನಾವು ನಮ್ಮ ಕಡೆಗೂ ನೋಡಿಕೊಳ್ಳಬೇಕು. ಬೀಗ ಹಾಕಿದವನೆಲ್ಲ ಧಣಿಯಲ್ಲ. ಗಲ್ಫಿನಲ್ಲಿ ಇಟ್ಟಿಗೆ ಹೊತ್ತು ಊರಲ್ಲಿ ಒಂದು ಮನೆ ಕಟ್ಟಿಸಿ, ಎರಡು ವರ್ಷಕ್ಕೊಮ್ಮೆ ಬಂದು ಜೇಡರಬಲೆ ಗುಡಿಸುವವನೂ ಕಾರ್ಮಿಕನೇ. ನಮ್ಮಲ್ಲೂ ಬೈಂದೂರು, ಕುಂದಾಪುರದ ಕಡೆ ತಾರಸಿ ಮನೆ ಕಟ್ಟಿಸಿ, ಮುದುಕಿ ತಾಯಿ ತೀರಿಕೊಂಡ ಮೇಲೆ ಬೀಗ ಹಾಕಿ, ಇಲ್ಲಿ ಹೋಟೆಲಿನ ಮಾಳಿಗೆಯಲ್ಲಿ ಚಾಪೆ ಬಿಚ್ಚುವವರು ಎಷ್ಟು ಮಂದಿ! ಕೆಲಸವಿರುವಲ್ಲಿ ಮನೆಯಿಲ್ಲ, ಮನೆಯಿರುವಲ್ಲಿ ಕೆಲಸವಿಲ್ಲ. ಇಂಥವನ ಒಂದೇ ಮನೆಯನ್ನೂ, ಚಿನ್ನದ ಗಟ್ಟಿಯಂತೆ ಮೂರನೆಯ ಫ್ಲಾಟು ಕೊಂಡಿಟ್ಟವನ ಬೀಗವನ್ನೂ ಒಂದೇ ತಕ್ಕಡಿಯಲ್ಲಿ ತೂಗಿದ್ದೇ ಆ ತೆರಿಗೆಯ ದೋಷ. ಅದನ್ನು ತಿದ್ದಬೇಕಿತ್ತು, ಕೈಬಿಡಬೇಕಾಗಿರಲಿಲ್ಲ. ಕೆನಡಾದ ವ್ಯಾಂಕೂವರ್ ನಗರದಲ್ಲಿ 2017ರಿಂದ ಖಾಲಿ ಮನೆಗೆ ತೆರಿಗೆಯಿದೆ, ಆದರೆ ಒಡೆಯ ತಾನೇ ವಾಸಿಸುವ ಮನೆಗೆ ಇಲ್ಲ. ನಮ್ಮಲ್ಲೂ ಮೊದಲನೆಯದನ್ನು ಬಿಟ್ಟು ಎರಡನೆಯದರಿಂದ ಆರಂಭಿಸಲಿ.

ಹಾಗಾದರೆ ಹೊಸ ಮನೆ ಬೇಡವೇ ಎಂದು ಕೇಳುವಿರಿ. ಬೇಕು. ಬೀಗ ತೆರೆದರೂ ಬೈಂದೂರಿನ ಮನೆ ಮುಂಬಯಿಗೆ ಬರುವುದಿಲ್ಲ. ಆದರೆ ಮಾರಾಟಕ್ಕಲ್ಲ, ಬಾಡಿಗೆಗೆ. ಊರ ಹೊರಗಲ್ಲ, ಕೆಲಸದ ಬಳಿ. ಸರಕಾರವೋ ನಗರಸಭೆಯೋ ಒಡೆತನ ಬಿಟ್ಟುಕೊಡದೆ ಕಟ್ಟಬೇಕು. ವಿಯೆನ್ನಾ ನಗರಸಭೆ 1923ರಿಂದ ಮನೆಗಳ ಮೇಲೆಯೇ ತೆರಿಗೆ ಹಾಕಿ, ದೊಡ್ಡ ಬಂಗಲೆಗೆ ದೊಡ್ಡ ತೆರಿಗೆ ಹೊರಿಸಿ, 1934ರೊಳಗೆ ಅರವತ್ತು ಸಾವಿರಕ್ಕೂ ಹೆಚ್ಚು ಬಾಡಿಗೆ ಮನೆಗಳನ್ನು ಕಾರ್ಮಿಕರಿಗೆ ಕಟ್ಟಿತು. ಅವುಗಳಲ್ಲಿ ಇಂದಿಗೂ ಜನ ವಾಸವಾಗಿದ್ದಾರೆ. ಇಲ್ಲೂ 1920ರ ದಶಕದಲ್ಲಿ ವರಳಿ, ನಾಯಗಾಂವ್‌ಗಳಲ್ಲಿ ಬಿ.ಡಿ.ಡಿ. ಚಾಳುಗಳನ್ನು ಕಟ್ಟಿದವರು ಸರಕಾರದವರೇ. ಆದರೆ ಬಾಡಿಗೆ ಗಿರಣಿಯವನಿಗೆ ನಿಲುಕದೆ ಮೊದಮೊದಲು ಬಹಳಷ್ಟು ಖೋಲಿಗಳು ಬರಿದೇ ಬಿದ್ದಿದ್ದವು. ಪಗಾರ ನೋಡದೆ ಕಟ್ಟಿದರೆ ಸರಕಾರದ ಮನೆಗೂ ಅದೇ ಗತಿ. 2020ರಲ್ಲಿ ಕೇಂದ್ರ ಸರಕಾರ, ತಾನೇ ಕಟ್ಟಿಸಿ ಖಾಲಿ ಬಿದ್ದ ಎಂಬತ್ತು ಸಾವಿರಕ್ಕೂ ಹೆಚ್ಚು ಮನೆಗಳನ್ನು ವಲಸೆ ಕಾರ್ಮಿಕರಿಗೆ ಬಾಡಿಗೆಗೆ ಕೊಡುವೆನೆಂದಿತು. ಮುಂದಿನ ಮೂರು ವರ್ಷಗಳಲ್ಲಿ ಕೊಟ್ಟದ್ದು ಆರು ಸಾವಿರವೂ ಆಗಲಿಲ್ಲ.

ಹೋಟೆಲಿನ ಧಣಿಗಳಿಗೂ ಒಂದು ಮಾತು. ಊಟ-ವಸತಿ ಸಹಿತ ಪಗಾರವೆಂದು ಬರೆದುಕೊಳ್ಳುತ್ತೀರಲ್ಲ, ಆ ವಸತಿಯೆಂದರೆ ಗಿರಾಕಿ ಎದ್ದುಹೋದ ಮೇಜಿನ ಅಡಿಯೇ? ಹಾಗಾದರೆ ಲೆಕ್ಕದ ಪುಸ್ತಕದಲ್ಲಿ ಮೇಜೆಂದೇ ಬರೆಯಿರಿ.

ಬಂಧುಗಳಲ್ಲಿ ವಿನಂತಿ: ನೀವು ಮಲಗುವ ಜಾಗದ ಉದ್ದಗಲ, ಅಲ್ಲಿ ಮಲಗುವವರ ಸಂಖ್ಯೆ, ಬಾಡಿಗೆಯಿದ್ದರೆ ಅದರ ಮೊತ್ತ, ಊರಿನಲ್ಲಿ ಮನೆಯಿದ್ದು ಬೀಗ ಬಿದ್ದಿದ್ದರೆ ಅದನ್ನೂ ಬರೆದು ನಮ್ಮ ಕಚೇರಿಗೆ ಕಳುಹಿಸಿರಿ. ಹೆಸರು ಬೇಡ. ಮುಂದಿನ ಸಂಚಿಕೆಯಲ್ಲಿ ಅದನ್ನು ಪಟ್ಟಿಮಾಡಿ ಅಚ್ಚು ಹಾಕುತ್ತೇವೆ, ಒಂದು ಪ್ರತಿ ವಸತಿ ಮಂತ್ರಿಗಳಿಗೂ ಹೋಗುತ್ತದೆ. ಅಳತೆಯ ಟೇಪು ಇಲ್ಲದವರು ಗೇಣಿನಲ್ಲಿ ಅಳೆದರೂ ಸಾಕು.